ನಿಸ್ತಂತು ಜಾಲವು ಹುಟ್ಟಿದ ಬಗೆ

ಈಗ ಅನೇಕ ಮನೆಗಳ ಗೋಡೆಯ ಮೇಲೆ ಒಂದು ಸಣ್ಣ ಪೆಟ್ಟಿಗೆಯಿರುವುದನ್ನು ವಾಚಕರು ಬಲ್ಲರು. ತಂದೆಯ ಮೊಬೈಲು, ತಾಯಿಯ ಮೊಬೈಲು, ಮಗಳು ಪಾಠ ಓದುವ ಲ್ಯಾಪ್‌ಟಾಪು, ಕೆಲವೆಡೆ ಟೆಲಿವಿಷನ್ ಸಹ ಆ ಒಂದೇ ಪೆಟ್ಟಿಗೆಯೊಡನೆ ತಂತಿಯ ಸಂಬಂಧವಿಲ್ಲದೆ ಮಾತನಾಡುತ್ತಿರುವುವು. ಇವೆಲ್ಲವುಗಳಿಗೂ ಇರುವ ದಾರಿ ಒಂದೇ. ಒಂದರ ಮಾತಿನ ಮೇಲೆ ಮತ್ತೊಂದರ ಮಾತು ಬಿದ್ದರೆ ಎರಡೂ ಕೆಡುವುವು. ಹೀಗಿದ್ದರೂ ತಂದೆಗೆ ಬಂದ ಪತ್ರವು ಮಗಳ ಪಾಠದೊಡನೆ ಕಲಸಿಹೋಗುವುದಿಲ್ಲ. ಹಾಗಾದರೆ ಇಲ್ಲಿ ಸರದಿಯನ್ನು ಕೂಗುವವರು ಯಾರು? ಯಾರೂ ಇಲ್ಲ ಎಂಬುದೇ ಇದಕ್ಕೆ ಉತ್ತರ. ಯಾರೂ ಸರದಿ ಕೂಗದೆಯೇ ಅನೇಕರು ಒಂದು ದಾರಿಯನ್ನು ಹಂಚಿಕೊಳ್ಳಬಹುದೆಂದು ಲೆಕ್ಕಮಾಡಿ, ಯಂತ್ರಗಳನ್ನು ಹೂಡಿ ತೋರಿಸಿದವರು ಹವಾಯಿ ವಿಶ್ವವಿದ್ಯಾನಿಲಯದ ಒಬ್ಬ ಅಧ್ಯಾಪಕರೂ ಅವರ ಸಂಗಡಿಗರೂ ಆಗಿರುವರು. ಆ ಸಂಗತಿಯನ್ನು ಅದರ ಲೆಕ್ಕವನ್ನೂ ಬಿಡದೆ ಇಲ್ಲಿ ಹೇಳಬೇಕೆಂಬುದು ನಮ್ಮ ಅಪೇಕ್ಷೆ. ಲೆಕ್ಕವೆಂದೊಡನೆ ಪುಟವನ್ನು ಮಗುಚುವ ಅಭ್ಯಾಸವು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಇತ್ತೆಂಬುದನ್ನು ನಾವು ಮರೆತಿಲ್ಲ. ಅವರು ಸ್ವಲ್ಪ ತಾಳ್ಮೆ ವಹಿಸಬೇಕು. ಈ ಲೆಕ್ಕಕ್ಕೆ ಆರು ಮಂದಿ ಹುಡುಗಿಯರೂ ಆರು ದಾಳಗಳೂ ಸಾಕು.

ಮೊದಲು ತೊಡಕು ಎಲ್ಲಿದೆಯೆಂಬುದನ್ನು ತಿಳಿಯಬೇಕು. ತಂತಿಯಿದ್ದಲ್ಲಿ ಈ ತೊಡಕು ಹೆಚ್ಚಾಗಿ ಇರುವುದಿಲ್ಲ. ಟೆಲಿಫೋನಿನ ಒಂದು ಜೊತೆ ತಂತಿಯು ಒಂದು ಮನೆಗೆ ಮೀಸಲಾಗಿರುವುದರಿಂದ ಪಕ್ಕದ ಮನೆಯವರ ಮಾತು ಅದರೊಳಗೆ ನುಗ್ಗುವಂತಿಲ್ಲ. ನಿಸ್ತಂತು ಅಲೆಗಳಾದರೋ ಬೇಲಿಯನ್ನು ಅರಿಯವು. ಒಬ್ಬರು ಕಳುಹಿಸಿದ ಅಲೆಯು ಸುತ್ತಲಿನ ಎಲ್ಲರ ಆಂಟೆನಾವನ್ನೂ ಮುಟ್ಟುವುದು. ಮಾತನಾಡುವವನು ಒಬ್ಬನೇ ಆಗಿ ಕೇಳುವವರು ಸಾವಿರಾರು ಮಂದಿಯಾಗಿದ್ದರೆ ಇದು ದೊಡ್ಡ ಅನುಕೂಲವೇ ಸರಿ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರವನ್ನು ಕಲಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದಾಗ ಊರವರೆಲ್ಲರೂ ಒಂದೇ ದನಿಯನ್ನು ಕೇಳಿದರು. ಅದಕ್ಕೆ ಆಕಾಶವಾಣಿಯೆಂಬ ಹೆಸರೂ ಬಂದಿತು. ಆದರೆ ಕೇಳುವವರೆಲ್ಲರೂ ತಿರುಗಿ ಮಾತನಾಡಲು ತೊಡಗಿದರೆ ಏನಾದೀತು? ಬಾನುಲಿ ಕೇಂದ್ರಕ್ಕೆ ಒಂದೊಂದು ಕಂಪನಸಂಖ್ಯೆಯನ್ನು ಹಂಚಿಕೊಟ್ಟಂತೆ ಪ್ರತಿಯೊಬ್ಬ ಮನುಷ್ಯನಿಗೂ ಒಂದೊಂದನ್ನು ಕೊಡುತ್ತ ಹೋದರೆ ಆ ಸಂಪತ್ತು ಬಹು ಬೇಗನೆ ಮುಗಿದುಹೋಗುವುದು.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ನಾರ್ಮನ್ ಅಬ್ರಾಮ್ಸನ್ ಎಂಬವರು. ಇವರು ೧೯೩೨ರಲ್ಲಿ ಅಮೇರಿಕದ ಬಾಸ್ಟನ್ ಪಟ್ಟಣದಲ್ಲಿ ಹುಟ್ಟಿ, ಹಾರ್ವರ್ಡಿನಲ್ಲಿ ಭೌತಶಾಸ್ತ್ರವನ್ನು ಕಲಿತು, ೧೯೫೮ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಪಿಎಚ್.ಡಿ. ಪದವಿಯನ್ನು ಪಡೆದು, ಅಲ್ಲಿಯೇ ಕೆಲವು ಕಾಲ ಪಾಠ ಹೇಳಿದರು. ಸಂದೇಶಗಳನ್ನು ಅಂಕಿಗಳಾಗಿ ಬರೆದು, ದಾರಿಯಲ್ಲಿ ಕೆಟ್ಟರೂ ತಿದ್ದಿಕೊಳ್ಳುವ ಶಾಸ್ತ್ರವನ್ನು ಕುರಿತು ಅವರು ೧೯೬೩ರಲ್ಲಿ ಪ್ರಕಟಿಸಿದ ಗ್ರಂಥವು ಅನೇಕ ಕಾಲೇಜುಗಳಲ್ಲಿ ಪಠ್ಯವಾಯಿತು. ಇಂಥವರು ಪ್ರಸಿದ್ಧವಾದ ದೊಡ್ಡ ವಿದ್ಯಾಪೀಠಗಳನ್ನು ಬಿಟ್ಟು ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳಿಗೆ ಏಕೆ ಹೋದರೆಂದು ಕೇಳಿದರೆ, ಕಡಲಲೆಯ ಮೇಲೆ ಹಲಗೆಯನ್ನೇರಿ ಜಾರುವ ಆಟದಲ್ಲಿ ಅವರಿಗಿದ್ದ ಆಸೆಯೂ ಒಂದು ಕಾರಣವೆಂದು ಎಲ್ಲರೂ ಹೇಳುವರು. ವಿದ್ವಾಂಸರು ಊರನ್ನು ಆರಿಸಿಕೊಳ್ಳುವ ರೀತಿಯನ್ನು ನಾವು ಯಾವಾಗಲೂ ಗಂಭೀರವೆಂದು ಎಣಿಸಬೇಕಾದುದಿಲ್ಲ. ಆದರೆ ಆ ಊರೇ ಅವರಿಗೆ ಪ್ರಶ್ನೆಯನ್ನು ಒದಗಿಸಿತೆಂಬುದು ಗಮನಿಸತಕ್ಕ ವಿಷಯ.

ಹವಾಯಿಯಲ್ಲಿ ಮುಖ್ಯವಾದ ದ್ವೀಪಗಳು ಎಂಟು. ವಿಶ್ವವಿದ್ಯಾನಿಲಯವು ಓಆಹು ದ್ವೀಪದ ಹೊನೊಲುಲು ಪಟ್ಟಣದಲ್ಲಿದೆ. ಅದರ ಶಾಖೆಗಳೂ ಕಾಲೇಜುಗಳೂ ಬೇರೆ ದ್ವೀಪಗಳಲ್ಲಿಯೂ ಹರಡಿವೆ. ಆ ಕಾಲದಲ್ಲಿ ಗಣಕಯಂತ್ರವೆಂದರೆ ಒಂದು ಕೋಣೆಯನ್ನು ತುಂಬುವಷ್ಟು ದೊಡ್ಡದಾಗಿತ್ತು. ಅದರ ಬೆಲೆಯೂ ಹಾಗೆಯೇ. ವಿಶ್ವವಿದ್ಯಾನಿಲಯದ ದೊಡ್ಡ ಯಂತ್ರವು ಹೊನೊಲುಲುವಿನಲ್ಲಿತ್ತು. ದೂರದ ಕಾಲೇಜಿನ ವಿದ್ಯಾರ್ಥಿಯು ಅದನ್ನು ಬಳಸಬೇಕಾದರೆ ಟೈಪುಮಾಡುವ ಟರ್ಮಿನಲ್ಲೊಂದನ್ನು ಟೆಲಿಫೋನ್ ತಂತಿಯ ಮೂಲಕ ಅದಕ್ಕೆ ಜೋಡಿಸಬೇಕಾಗಿತ್ತು. ಆ ತಂತಿಗಳಿಗೆ ಬಾಡಿಗೆ ಬಹಳ, ಗುಣವೋ ಅಷ್ಟಕ್ಕಷ್ಟೆ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ನಷ್ಟವನ್ನು ಅಬ್ರಾಮ್ಸನ್ನರು ಕಂಡರು. ಟರ್ಮಿನಲ್ಲಿನ ಮುಂದೆ ಕುಳಿತವನು ಒಂದು ಸಾಲನ್ನು ಟೈಪುಮಾಡುವನು, ಆಮೇಲೆ ಆಲೋಚಿಸುವನು, ತಲೆ ಕೆರೆದುಕೊಳ್ಳುವನು, ಕಾಗದವನ್ನು ನೋಡುವನು. ಅವನು ಕಳುಹಿಸಿದ ಸಾಲು ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಹೋಗಿ ಮುಟ್ಟುವುದು. ಉಳಿದ ಹೊತ್ತೆಲ್ಲವೂ ತಂತಿಯು ಬರಿದಾಗಿಯೇ ಇರುವುದು. ಆದರೆ ಬಾಡಿಗೆಯು ಪೂರ್ತಿಯಾಗಿ ಸಲ್ಲಬೇಕು. ಮದುವೆಯ ದಿನಕ್ಕೆ ಬೇಕಾದ ಹಂಡೆಯನ್ನು ವರ್ಷವಿಡೀ ಬಾಡಿಗೆಗೆ ಇಟ್ಟುಕೊಂಡಂತೆ ಇದು. ಮನುಷ್ಯರ ಮಾತುಕತೆಗಾಗಿ ಮಾಡಿದ ಟೆಲಿಫೋನಿನ ಏರ್ಪಾಡು ಗಣಕಯಂತ್ರದ ಮಾತುಕತೆಗೆ ಒಗ್ಗುವುದಿಲ್ಲವೆಂದು ಅವರು ನಿಶ್ಚಯಿಸಿದರು. ೧೯೬೮ರಲ್ಲಿ ಅವರೂ ಫ್ರಾಂಕ್ಲಿನ್ ಕುವೋ, ವೆಸ್ಲಿ ಪೀಟರ್ಸನ್, ಶು ಲಿನ್ ಮೊದಲಾದ ಸಹೋದ್ಯೋಗಿಗಳೂ ಸೇರಿ ತಂತಿಗೆ ಬದಲಾಗಿ ನಿಸ್ತಂತು ಅಲೆಗಳನ್ನು ಉಪಯೋಗಿಸುವ ಕೆಲಸವನ್ನು ಆರಂಭಿಸಿದರು. ಅದಕ್ಕೆ ಅಲೋಹಾ ಎಂದು ಹೆಸರಿಟ್ಟರು. ಹವಾಯಿಯವರು ಒಬ್ಬರನ್ನೊಬ್ಬರು ಕಂಡಾಗಲೂ ಬೀಳ್ಕೊಡುವಾಗಲೂ ಆಡುವ ಮಾತು ಅದು. ಪ್ರೀತಿಯೆಂಬ ಅರ್ಥವೂ ಅದಕ್ಕುಂಟು.

ಒಂದೇ ಕಂಪನಸಂಖ್ಯೆಯನ್ನು ಬಹು ಮಂದಿ ಬಳಸಬೇಕಾದರೆ ಸರದಿಯ ಕ್ರಮವೊಂದು ಬೇಕೆಂದು ಯಾರಿಗಾದರೂ ತೋರುವುದು. ಉಪಾಧ್ಯಾಯಿನಿಯು ಹಾಜರಿಯನ್ನು ಕರೆಯುವಂತೆ, ನಡುವಣ ಯಂತ್ರವು ಒಂದೊಂದು ಟರ್ಮಿನಲ್ಲನ್ನೂ ಹೆಸರು ಹಿಡಿದು ಕರೆದು ಏನಾದರೂ ಹೇಳುವುದಿದೆಯೇ ಎಂದು ಕೇಳಬಹುದು. ಆದರೆ ನೂರು ಮಂದಿಯನ್ನು ಕರೆದರೆ ತೊಂಬತ್ತೆಂಟು ಮಂದಿಗೆ ಹೇಳುವುದೇನೂ ಇರುವುದಿಲ್ಲ. ಹೇಳಬೇಕೆಂದಿರುವ ಇಬ್ಬರು ಅಷ್ಟು ಹೊತ್ತೂ ಕಾದಿರಬೇಕು. ಪ್ರತಿಯೊಬ್ಬರಿಗೂ ಹೊತ್ತನ್ನು ಗೊತ್ತುಮಾಡಿ ಹಂಚಿಕೊಟ್ಟರೂ ಹೀಗೆಯೇ ಆಗುವುದು. ಅಬ್ರಾಮ್ಸನ್ನರು ಹಿಡಿದ ದಾರಿ ಇದಕ್ಕೆ ತೀರ ವಿರುದ್ಧವಾದುದು, ಮೊದಲು ಕೇಳಿದಾಗ ಅವಿವೇಕವೆಂದೇ ತೋರತಕ್ಕುದು. ಯಾರಿಗೆ ಹೇಳುವುದಿದೆಯೋ ಅವರು ಯಾರನ್ನೂ ಕೇಳದೆ ಆಗಲೇ ಹೇಳಿಬಿಡಲಿ. ಸರಿಯಾಗಿ ಕೇಳಿಸಿದರೆ ನಡುವಣ ಯಂತ್ರವು ತಲುಪಿತು ಎಂದು ಉತ್ತರ ಕೊಡಲಿ, ರಿಜಿಸ್ಟರ್ ಪತ್ರಕ್ಕೆ ರುಜುವಾದ ಚೀಟಿ ಹಿಂದಿರುಗುವಂತೆ. ಚೀಟಿಯು ಬಾರದಿದ್ದರೆ ಯಾವುದೋ ಇನ್ನೊಂದು ಮಾತಿನೊಡನೆ ಡಿಕ್ಕಿಯಾಯಿತೆಂದು ತಿಳಿದು, ಕೊಂಚ ಹೊತ್ತು ಸುಮ್ಮನಿದ್ದು, ಅದನ್ನೇ ತಿರುಗಿ ಹೇಳಲಿ. ಆ ಕೊಂಚ ಹೊತ್ತು ಎಲ್ಲರಿಗೂ ಒಂದೇ ಆಗಿರಕೂಡದು, ದಾಳ ಹಾಕಿದಂತೆ ಒಬ್ಬೊಬ್ಬರಿಗೆ ಒಂದೊಂದಾಗಿರಬೇಕು. ಕಿರಿದಾದ ಬಾಗಿಲಲ್ಲಿ ಇಬ್ಬರು ಎದುರಾಗಿ, ಇಬ್ಬರೂ ಬಲಕ್ಕೆ ಸರಿದು, ಇಬ್ಬರೂ ಎಡಕ್ಕೆ ಸರಿದು, ನಗುತ್ತ ನಿಲ್ಲುವುದನ್ನು ವಾಚಕರು ಕಂಡಿರಬಹುದು. ಕಾಯುವ ಹೊತ್ತು ಸಮನಾಗಿದ್ದರೆ ಯಂತ್ರಗಳಿಗೂ ಅದೇ ಗತಿ. ಅವುಗಳಿಗೆ ನಗುವೂ ಬಾರದು.

ಈ ವಿಷಯವನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಆರು ಮಂದಿ ಹುಡುಗಿಯರು ಸುತ್ತಲೂ ಕುಳಿತು, ಒಬ್ಬೊಬ್ಬಳೂ ಒಂದು ದಾಳವನ್ನು ಹಿಡಿಯಲಿ. ತಾಯಿಯವರು ಕೈ ತಟ್ಟಿದಾಗ ಎಲ್ಲರೂ ಒಟ್ಟಿಗೆ ದಾಳವನ್ನು ಹಾಕಲಿ. ಒಂದು ಬಿದ್ದವಳು ತನ್ನ ಹೆಸರನ್ನು ಕೂಗಲಿ. ಒಬ್ಬಳೇ ಕೂಗಿದರೆ ಮಾತು ತಲುಪಿತು. ಇಬ್ಬರು ಅಥವಾ ಹೆಚ್ಚು ಮಂದಿ ಕೂಗಿದರೆ ಕೆಟ್ಟಿತು. ಯಾರೂ ಕೂಗದಿದ್ದರೆ ಆ ಸರದಿಯು ವ್ಯರ್ಥ. ನೂರು ಸಲ ಹೀಗೆ ಮಾಡಿದರೆ ಸುಮಾರು ೪೦ ಸಲ ಮಾತು ತಲುಪುವುದು, ೩೪ ಸಲ ಮೌನ, ೨೬ ಸಲ ಡಿಕ್ಕಿ. ಇನ್ನು ಆಟವನ್ನು ಬದಲಾಯಿಸಿ, ಒಂದು, ಎರಡು, ಮೂರು ಇವುಗಳಲ್ಲಿ ಯಾವುದು ಬಿದ್ದರೂ ಕೂಗಬಹುದೆಂದು ಹೇಳಿರಿ. ಹುಡುಗಿಯರಿಗೆ ಇದು ಮೊದಲಿನದಕ್ಕಿಂತ ಇಷ್ಟವಾಗುವುದು. ಆದರೆ ಈಗ ನೂರರಲ್ಲಿ ೯ ಸಲ ಮಾತ್ರ ಮಾತು ತಲುಪುವುದು. ೮೯ ಸಲ ಬರಿ ಗದ್ದಲ. ಕೂಗುವ ಆತುರವು ಮೂರರಷ್ಟಾದರೆ ತಲುಪುವ ಮಾತು ನಾಲ್ಕರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಯಿತು. ಈ ವಿದ್ಯೆಯ ಅರ್ಧವು ಈ ಆಟದಲ್ಲಿಯೇ ಇದೆಯೆಂದರೆ ಹೆಚ್ಚಿನ ಮಾತಲ್ಲ.

ತಾಯಿಯವರು ಕೈ ತಟ್ಟುವುದೂ ಒಂದು ಬಗೆಯ ಅಪ್ಪಣೆಯೇ ಅಲ್ಲವೆ? ಅಬ್ರಾಮ್ಸನ್ನರ ಮೊದಲಿನ ಏರ್ಪಾಡಿನಲ್ಲಿ ಅದೂ ಇರಲಿಲ್ಲ. ಅಲ್ಲಿ ಮಾತುಗಳನ್ನು ಒಂದೇ ಅಳತೆಯ ಪೊಟ್ಟಣಗಳಾಗಿ ಕಟ್ಟುತ್ತಿದ್ದರು. ಪೂರ್ತಿ ಪೊಟ್ಟಣವೊಂದರಲ್ಲಿ ೭೦೪ ಬಿಟ್‌ಗಳು, ಎಂದರೆ ಸೊನ್ನೆ ಅಥವಾ ಒಂದು ಎಂಬ ಗುರುತುಗಳು. ಇವುಗಳಲ್ಲಿ ೩೨ ವಿಳಾಸಾದಿಗಳಿಗೆ, ೬೪೦ ಅಕ್ಷರಗಳಿಗೆ, ಮಿಕ್ಕ ೩೨ ಪೊಟ್ಟಣವು ದಾರಿಯಲ್ಲಿ ಕೆಟ್ಟಿದೆಯೇ ಎಂದು ಪರೀಕ್ಷಿಸುವುದಕ್ಕೆ. ಸೆಕೆಂಡಿಗೆ ೯,೬೦೦ ಬಿಟ್‌ಗಳ ವೇಗದಲ್ಲಿ ಇಂಥ ಪೊಟ್ಟಣವನ್ನು ಕಳುಹಿಸಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ೭೩ ಭಾಗ ಹಿಡಿಯುವುದು. ನಮ್ಮ ಪೊಟ್ಟಣವು ಕೆಡದೆ ಉಳಿಯಬೇಕಾದರೆ, ಅದು ಹೊರಟ ಮೇಲೆ ಈ ೭೩ ಭಾಗಗಳೊಳಗೆ ಬೇರೊಂದು ಹೊರಡಬಾರದು. ಅಷ್ಟೇ ಸಾಲದು, ಅದಕ್ಕೆ ಹಿಂದಿನ ೭೩ ಭಾಗಗಳೊಳಗೆ ಹೊರಟುದು ಇನ್ನೂ ಮುಗಿಯದೆ ಇರುವುದರಿಂದ ಅದೂ ಇರಬಾರದು. ಆದುದರಿಂದ ಅಪಾಯದ ಕಾಲವು ಪೊಟ್ಟಣದ ಕಾಲಕ್ಕೆ ಎರಡರಷ್ಟಾಯಿತು. ಇದನ್ನು ಹಿಡಿದು ಸಂಭವಗಣಿತದಿಂದ ಲೆಕ್ಕಹಾಕಿದರೆ, ಎಷ್ಟೇ ಜಾಣತನದಿಂದ ನಡೆಸಿದರೂ ದಾರಿಯ ನೂರು ಪಾಲುಗಳಲ್ಲಿ ೧೮ಕ್ಕೆ ಮೇಲೆ ಚಿಲ್ಲರೆ ಪಾಲು ಮಾತ್ರ ಉಪಯೋಗಕ್ಕೆ ಬರುವುದೆಂದು ತಿಳಿಯುವುದು. ಅಬ್ರಾಮ್ಸನ್ನರು ಈ ಲೆಕ್ಕವನ್ನು ೧೯೭೦ರ ಒಂದು ಪ್ರಬಂಧದಲ್ಲಿ ಪ್ರಕಟಿಸಿದರು.

ನೂರರಲ್ಲಿ ಎಂಬತ್ತೆರಡು ಪಾಲು ವ್ಯರ್ಥವಾಗುವ ಏರ್ಪಾಡನ್ನು ಯಾವ ಮನೆಯ ಯಜಮಾನಿಯೂ ಒಪ್ಪಲಾರಳು. ಆದರೆ ಉಳಿದ ಹದಿನೆಂಟರಿಂದ ಏನಾಗುವುದೆಂಬುದನ್ನೂ ನೋಡಬೇಕು. ಟರ್ಮಿನಲ್ಲಿನ ಮುಂದೆ ಕುಳಿತ ವಿದ್ಯಾರ್ಥಿಯು ನಿಮಿಷಕ್ಕೆ ಒಂದು ಪೊಟ್ಟಣವನ್ನು ಕಳುಹಿಸುವನೆಂದು ಭಾವಿಸಿ ಮೇಲಿನ ಅಂಕಿಗಳಿಂದ ಲೆಕ್ಕಹಾಕಿದರೆ, ಸುಮಾರು ೧೫೦ ಮಂದಿ ಆ ಒಂದೇ ದಾರಿಯನ್ನು ಹಂಚಿಕೊಳ್ಳಬಹುದೆಂದು ದೊರೆಯುವುದು. ೧೫೦ ತಂತಿಗಳ ಬಾಡಿಗೆ ಎಲ್ಲಿ, ಒಂದು ಕಂಪನಸಂಖ್ಯೆ ಎಲ್ಲಿ! ಅದರ ಮೇಲೆ, ಹೊಸದಾಗಿ ಒಬ್ಬನು ಸೇರಬೇಕಾದರೆ ಯಾರ ಪಟ್ಟಿಯನ್ನೂ ತಿದ್ದಬೇಕಾಗಿಲ್ಲ; ಅವನು ತನ್ನ ಆಂಟೆನಾವನ್ನು ನಿಲ್ಲಿಸಿ ಮಾತನಾಡಲು ತೊಡಗಿದರೆ ಸಾಕು. ನಮ್ಮ ಅಭಿಪ್ರಾಯದಲ್ಲಿ ಈ ಶೋಧನೆಯ ಹಿರಿಮೆ ಇರುವುದು ಇಲ್ಲಿಯೇ. ಜಾಣರಾದ ಇಂಜಿನಿಯರುಗಳು ನೂರಕ್ಕೆ ನೂರನ್ನು ಪಡೆಯುವ ಹಂಬಲದಲ್ಲಿದ್ದಾಗ, ಹದಿನೆಂಟು ಸಾಕು ಎಂದು ಹೇಳುವುದಕ್ಕೆ ಗಣಿತದ ಜ್ಞಾನದೊಡನೆ ಒಂದು ಬಗೆಯ ಧೈರ್ಯವೂ ಬೇಕು.

೧೯೭೧ರ ಜೂನ್ ತಿಂಗಳಲ್ಲಿ ಈ ಜಾಲವು ಓಆಹು ದ್ವೀಪದಲ್ಲಿ ಕೆಲಸಮಾಡತೊಡಗಿತು. ಟರ್ಮಿನಲ್ಲುಗಳು ಮಾತನಾಡುವುದಕ್ಕೆ ಒಂದು ಕಂಪನಸಂಖ್ಯೆ, ನಡುವಣ ಯಂತ್ರವು ಉತ್ತರ ಕೊಡುವುದಕ್ಕೆ ಮತ್ತೊಂದು, ಹೀಗೆ ಎರಡನ್ನು ಇಟ್ಟುಕೊಂಡಿದ್ದರು. ಡಿಕ್ಕಿಯ ಭಯವು ಮೊದಲನೆಯದರಲ್ಲಿ ಮಾತ್ರ. ಎರಡನೆಯದರಲ್ಲಿ ಮಾತನಾಡುವುದು ಒಂದೇ ಯಂತ್ರವಾದುದರಿಂದ ಅಲ್ಲಿ ಗದ್ದಲವಿಲ್ಲ. ನಿಸ್ತಂತು ಅಲೆಗಳಿಗೂ ದೊಡ್ಡ ಗಣಕಕ್ಕೂ ನಡುವೆ ದ್ವಾರಪಾಲಕನಾಗಿದ್ದ ಚಿಕ್ಕ ಗಣಕಕ್ಕೆ ಮೆನೆಹೂನೆ ಎಂದು ಹೆಸರಿಟ್ಟರು. ರಾತ್ರಿಯ ಹೊತ್ತು ಯಾರಿಗೂ ಕಾಣದೆ ಬಂದು ದೊಡ್ಡ ದೊಡ್ಡ ಕೆಲಸಗಳನ್ನು ಮಾಡಿ ಮುಗಿಸುವ ಕುಳ್ಳರು ಹವಾಯಿಯ ಕಥೆಗಳಲ್ಲಿ ಬರುವರು. ಆ ಹೆಸರು ಅವರದು. ಈ ಯಂತ್ರಗಳನ್ನು ಪೇಟೆಯಲ್ಲಿ ಕೊಳ್ಳುವಂತಿರಲಿಲ್ಲ. ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿಯೇ ಅವುಗಳನ್ನು ಕಟ್ಟಬೇಕಾಯಿತು. ತರಗತಿಯ ಪಾಠವೂ ಶೋಧನೆಯೂ ಅಲ್ಲಿ ಎರಡು ಬೇರೆ ಕೆಲಸಗಳಾಗಿರಲಿಲ್ಲ.

ಅಬ್ರಾಮ್ಸನ್ನರೇ ಬರೆದಿಟ್ಟಿರುವ ಒಂದು ವಿನೋದದ ಸಂಗತಿಯನ್ನು ಇಲ್ಲಿ ಹೇಳದೆ ಮುಂದಕ್ಕೆ ಹೋಗಲು ನಮಗೆ ಮನಸ್ಸಿಲ್ಲ. ಅಮೇರಿಕದ ಭೂಭಾಗದಲ್ಲಿ ವಿಶ್ವವಿದ್ಯಾನಿಲಯಗಳ ಗಣಕಗಳನ್ನು ತಂತಿಯ ಮೂಲಕ ಜೋಡಿಸುವ ಆರ್ಪಾನೆಟ್ ಎಂಬ ಜಾಲವನ್ನು ಆಗ ಸರ್ಕಾರದ ಹಣದಿಂದ ಕಟ್ಟುತ್ತಿದ್ದರು. ಅದರ ಮೇಲ್ವಿಚಾರಕರು ಲಾರೆನ್ಸ್ ರಾಬರ್ಟ್ಸ್ ಎಂಬವರು. ಹವಾಯಿಯ ಕೆಲಸಕ್ಕೂ ಹಣ ಬರುತ್ತಿದ್ದುದು ಅದೇ ಇಲಾಖೆಯಿಂದ. ಒಮ್ಮೆ ಅಬ್ರಾಮ್ಸನ್ನರು ವಾಷಿಂಗ್ಟನ್ನಿನಲ್ಲಿ ಅವರ ಕಚೇರಿಗೆ ಹೋಗಿದ್ದಾಗ, ಯಾವ ಊರಿಗೆ ಯಾವ ತಾರೀಖು ಯಂತ್ರವನ್ನು ಕಳುಹಿಸಬೇಕೆಂಬ ಪಟ್ಟಿಯು ಕರಿಹಲಗೆಯ ಮೇಲೆ ಬರೆದಿತ್ತು. ರಾಬರ್ಟ್ಸರು ಏನೋ ಕೆಲಸಕ್ಕಾಗಿ ಹೊರಗೆ ಹೋದರು. ಅಬ್ರಾಮ್ಸನ್ನರು ಸೀಮೆಸುಣ್ಣವನ್ನು ತೆಗೆದುಕೊಂಡು ಪಟ್ಟಿಯಲ್ಲಿ ಅಲೋಹಾ ಎಂದು ಸೇರಿಸಿ, ಅದರ ಮುಂದೆ ತೋಚಿದ ತಾರೀಖು ಒಂದನ್ನು, ಡಿಸೆಂಬರ್ ೧೭ ಎಂದು, ಬರೆದು ಕುಳಿತರು. ಆಮೇಲೆ ಮಾತು ಬೇರೆ ಕಡೆಗೆ ಹೊರಳಿ ಆ ವಿಷಯವು ಮರೆತುಹೋಯಿತು. ಡಿಸೆಂಬರ್ ತಿಂಗಳ ಮೊದಲಿಗೆ, ೧೭ನೆಯ ತಾರೀಖು ಯಂತ್ರವು ಬರುತ್ತದೆ, ಸಿದ್ಧವಾಗಿರಿ ಎಂದು ಅವರಿಗೆ ಟೆಲಿಫೋನು ಬಂದಿತು! ಹೀಗೆ ೧೯೭೨ರ ಡಿಸೆಂಬರಿನಲ್ಲಿ ಹವಾಯಿಯ ಜಾಲವು ಉಪಗ್ರಹದ ಮೂಲಕ ಭೂಭಾಗದ ಜಾಲವನ್ನು ಕೂಡಿಕೊಂಡಿತು. ವಿದ್ಯಾರ್ಥಿನಿಯರು ಕರಿಹಲಗೆಯ ಮೇಲೆ ಹೀಗೆ ಬರೆದರೆ ನಾವು ಒಪ್ಪುವೆವೆಂದು ಯಾರೂ ಭಾವಿಸಬಾರದು.

ರಾಬರ್ಟ್ಸರೇ ೧೯೭೨ರಲ್ಲಿ ಒಂದು ತಿದ್ದುಪಡಿಯನ್ನು ಸೂಚಿಸಿದರು. ನಮ್ಮ ದಾಳದ ಆಟದಲ್ಲಿ ಕೈ ತಟ್ಟಿದಂತೆ, ಎಲ್ಲರೂ ಗಡಿಯಾರವನ್ನು ಸರಿಮಾಡಿಕೊಂಡು ಗೊತ್ತಾದ ಕ್ಷಣಗಳಲ್ಲಿ ಮಾತ್ರ ಪೊಟ್ಟಣವನ್ನು ಹೊರಡಿಸಬೇಕು. ಆಗ ಡಿಕ್ಕಿಯಾದರೆ ಪೂರ್ತಿಯಾಗಿ ಆಗುವುದು, ಇಲ್ಲವಾದರೆ ಇಲ್ಲ. ಅಪಾಯದ ಕಾಲವು ಅರ್ಧಕ್ಕೆ ಇಳಿಯುವುದು, ಉಪಯೋಗಕ್ಕೆ ಬರುವ ಪಾಲು ೧೮ರಿಂದ ೩೬ಕ್ಕೆ ಮೇಲೆ ಏರುವುದು. ಆರು ಹುಡುಗಿಯರಲ್ಲಿ ನಾವು ಕಂಡ ೪೦, ಮಂದಿ ಹೆಚ್ಚಿದಂತೆಲ್ಲ ಇಳಿಯುತ್ತ ಬಂದು ಈ ಅಂಕಿಯ ಬಳಿ ನಿಲ್ಲುವುದು.

ಒಬ್ಬ ಅಧ್ಯಾಪಕರ ಪ್ರಬಂಧವು ತಮ್ಮ ಶಿಷ್ಯರಲ್ಲದವರನ್ನೂ ಹೇಗೆ ಮುಟ್ಟುವುದೆಂಬುದಕ್ಕೆ ರಾಬರ್ಟ್ ಮೆಟ್ಕಾಫ್ ಎಂಬವರ ವೃತ್ತಾಂತವು ಸಾಕ್ಷಿ. ಇವರು ೧೯೭೨ರಲ್ಲಿ ಹಾರ್ವರ್ಡಿಗೆ ಒಪ್ಪಿಸಿದ ಪಿಎಚ್.ಡಿ. ಪ್ರಬಂಧವು ಸಿದ್ಧಾಂತಭಾಗದಲ್ಲಿ ಕೊರತೆಯುಳ್ಳದ್ದೆಂದು ತಿರಸ್ಕೃತವಾಯಿತು. ಆ ಕಾಲದಲ್ಲಿಯೇ ಒಬ್ಬ ಸ್ನೇಹಿತರ ಮನೆಯಲ್ಲಿ ತಂಗಿದ್ದಾಗ ಅಬ್ರಾಮ್ಸನ್ನರ ೧೯೭೦ರ ಪ್ರಬಂಧವು ಅವರ ಕೈಗೆ ಸಿಕ್ಕಿತು. ಓದುತ್ತಿದ್ದಂತೆ ಅವರಿಗೆ ಒಂದು ಆಕ್ಷೇಪಣೆ ತೋರಿತು. ಉತ್ತರ ಬಾರದಿದ್ದರೂ ಜನರು ಹೊಸ ಹೊಸ ಪೊಟ್ಟಣಗಳನ್ನು ಕಳುಹಿಸುತ್ತಲೇ ಇರುವರೆಂದು ಆ ಲೆಕ್ಕದಲ್ಲಿ ಭಾವಿಸಿತ್ತು; ನಿಜವಾದ ಮನುಷ್ಯನಾದರೋ ಉತ್ತರಕ್ಕಾಗಿ ಕಾಯುವನು. ಹವಾಯಿಗೂ ಹೋಗಿ ನೋಡಿ, ಆ ಭಾಗವನ್ನು ಬೇರೆ ರೀತಿಯಿಂದ ಲೆಕ್ಕಮಾಡಿ, ಗದ್ದಲವು ಹೆಚ್ಚಿದಂತೆ ಕಾಯುವ ಹೊತ್ತನ್ನೂ ಹೆಚ್ಚಿಸಬೇಕೆಂಬುದನ್ನು ಅವರು ಕಂಡುಕೊಂಡರು. ಇದನ್ನು ಸೇರಿಸಿದ ಪ್ರಬಂಧಕ್ಕೆ ೧೯೭೩ರಲ್ಲಿ ಪದವಿ ದೊರೆಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಅವರು ಕಲ್ಪಿಸಿದ ಈಥರ್‌ನೆಟ್ ಎಂಬ ಏರ್ಪಾಡು ಇಂದಿಗೂ ಕಚೇರಿಗಳ ಗಣಕಗಳನ್ನು ಜೋಡಿಸುತ್ತಿದೆ. ಮೊದಲು ಅದರ ಹೆಸರಿನಲ್ಲಿಯೂ ಅಲೋಹಾ ಎಂಬ ಪದವು ಸೇರಿತ್ತು. ಕ್ಯಾಲಿಫೋರ್ನಿಯದ ವಿಶ್ವವಿದ್ಯಾನಿಲಯದಲ್ಲಿ ಲೆನಾರ್ಡ್ ಕ್ಲೈನ್‌ರಾಕ್ ಎಂಬ ಅಧ್ಯಾಪಕರೂ ಅವರ ಶಿಷ್ಯ ಫುವಾದ್ ತೊಬಾಗಿಯವರೂ ೧೯೭೫ರಲ್ಲಿ ಮತ್ತೊಂದು ಹೆಜ್ಜೆಯನ್ನಿಟ್ಟರು: ಮಾತನಾಡುವುದಕ್ಕೆ ಮುಂಚೆ ಕಿವಿಗೊಡಬೇಕು, ಬೇರೆಯವರು ಮಾತನಾಡುತ್ತಿದ್ದರೆ ತಡೆಯಬೇಕು. ಸಭ್ಯರಿಗೆ ಇದನ್ನು ಹೇಳಿಕೊಡಬೇಕಾದುದೇ ಇಲ್ಲ, ಯಂತ್ರಗಳಿಗೆ ಬೇಕಾಯಿತು.

ಕಿವಿಗೊಟ್ಟರೂ ತೀರದ ಒಂದು ತೊಡಕನ್ನು ಅವರೇ ಗುರುತಿಸಿದರು. ಗುಡ್ಡದ ಈ ಕಡೆಯ ಮನೆಯೂ ಆ ಕಡೆಯ ಮನೆಯೂ ಗುಡ್ಡದ ನೆತ್ತಿಯ ಮೇಲಿರುವ ಮೂರನೆಯ ಮನೆಗೆ ಕಾಣುತ್ತವೆ. ಆದರೆ ಒಂದಕ್ಕೊಂದು ಕಾಣುವುದಿಲ್ಲ. ಎರಡೂ ಕಿವಿಗೊಟ್ಟು, ಯಾರೂ ಮಾತನಾಡುತ್ತಿಲ್ಲವೆಂದು ತಿಳಿದು ಒಟ್ಟಿಗೆ ಮಾತನಾಡಿದರೆ ನೆತ್ತಿಯ ಮೇಲಿನವರಿಗೆ ಎರಡೂ ತಿಳಿಯವು. ಇದರಂತೆಯೇ ಇನ್ನೊಂದು ಅನ್ಯಾಯವೂ ಉಂಟು. ಸಮೀಪದವನ ಜೋರಾದ ದನಿಯೂ ದೂರದವನ ಕ್ಷೀಣವಾದ ದನಿಯೂ ಡಿಕ್ಕಿಯಾದರೆ ಅನೇಕ ವೇಳೆ ಜೋರಾದುದು ಕೆಡದೆ ತಲುಪಿಬಿಡುವುದು. ತಿರುಗಿ ತಿರುಗಿ ಹೇಳಬೇಕಾದ ಕಷ್ಟವು ದೂರದವನ ಪಾಲಿಗೇ ಬೀಳುವುದು. ಮುಂದಿನ ಬೆಂಚಿನವರ ಉತ್ತರವೇ ಉಪಾಧ್ಯಾಯಿನಿಯ ಕಿವಿಗೆ ಬೀಳುವುದೆಂದು ಹಿಂದಿನ ಬೆಂಚಿನವರು ದೂರುವುದು ಹೊಸದಲ್ಲ. ನಿಸ್ತಂತು ಜಾಲವನ್ನು ಕಲಿಸುವ ಅಧ್ಯಾಪಕರ ಶೋಧನೆಯಲ್ಲಿ ಇಂಥ ದೂರುಗಳ ವಿಚಾರಣೆಯೂ ಸೇರಿದೆ.

ನಮ್ಮ ನಾಡಿನಲ್ಲಿ ಈ ವಿದ್ಯೆಯನ್ನು ಕಲಿಸಿದವರು ಯಾರೆಂದು ತಂದೆತಾಯಿಗಳು ಕೇಳಬಹುದು, ಅದರಲ್ಲಿಯೂ ಹೆಣ್ಣುಮಕ್ಕಳಿಗೆ ಇದರಲ್ಲಿ ಎಡೆಯುಂಟೇ ಎಂದು. ೧೯೨೨ರಲ್ಲಿ ಕರ್ನಾಟಕದಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, ೧೯೪೩ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ, ಆಮೇಲೆ ವಿದ್ಯಾರ್ಥಿವೇತನವನ್ನು ಪಡೆದು ಸಮುದ್ರವನ್ನು ದಾಟಿ, ೧೯೫೩ರಲ್ಲಿ ಮಿಚಿಗನ್ನಿನಿಂದ ಪಿಎಚ್.ಡಿ. ಪದವಿಯೊಡನೆ ಹಿಂದಿರುಗಿದರು. ಮೈಕ್ರೋವೇವ್ ಎಂಬ ಅತಿ ಕಿರಿದಾದ ನಿಸ್ತಂತು ಅಲೆಗಳನ್ನೂ ಅವುಗಳಿಗೆ ತಕ್ಕ ಆಂಟೆನಾಗಳನ್ನೂ ಕುರಿತು ೧೯೮೨ರವರೆಗೆ ಅದೇ ಸಂಸ್ಥೆಯಲ್ಲಿ ಪಾಠ ಹೇಳಿ, ಇಪ್ಪತ್ತು ಮಂದಿಯ ಪಿಎಚ್.ಡಿ. ಶೋಧನೆಗೆ ಮಾರ್ಗದರ್ಶನ ಮಾಡಿದರು. ಅವರು ತೀರಿಕೊಂಡದ್ದು ೨೦೧೦ರಲ್ಲಿ. ಅಲೆಗಳನ್ನು ಕುರಿತ ಅವರ ಪಾಠಕ್ಕೆ ಮುಂದಿನದು, ಅನೇಕರು ಒಂದೇ ಅಲೆಯನ್ನು ಹಂಚಿಕೊಳ್ಳುವ ಪಾಠ. ಅದಕ್ಕೂ ಅದೇ ಸಂಸ್ಥೆಯಿಂದ ಗ್ರಂಥವು ಹೊರಟಿದೆ. ಅಲ್ಲಿಯ ಅನುರಾಗ್ ಕುಮಾರ್, ಜಾಯ್ ಕುರಿ ಎಂಬ ಅಧ್ಯಾಪಕರು ಮುಂಬಯಿಯ ಐ.ಐ.ಟಿ.ಯ ಡಿ. ಮಂಜುನಾಥರೊಡನೆ ಸೇರಿ ನಿಸ್ತಂತು ಜಾಲಗಳನ್ನೇ ವಿಷಯವಾಗಿಟ್ಟುಕೊಂಡು ಬರೆದ ಪಠ್ಯಗ್ರಂಥವು ೨೦೦೮ರಲ್ಲಿ ಪ್ರಕಟವಾಯಿತು. ನಾವು ದಾಳದಿಂದ ಆಡಿದ ಲೆಕ್ಕವು ಇಂಥ ಗ್ರಂಥಗಳಲ್ಲಿ ಪುಟಗಟ್ಟಲೆ ನಡೆಯುವುದು.

ಮನೆಯ ಗೋಡೆಯ ಪೆಟ್ಟಿಗೆಗೆ ಈಗ ತಿರುಗಿ ಬರೋಣ. ವೈಫೈ ಎಂದು ಕರೆಯುವ ಈ ಏರ್ಪಾಡಿನ ನಿಯಮಗಳು ೧೯೯೭ರಲ್ಲಿ ಗೊತ್ತಾದುವು. ಅವು ಅಲೋಹಾದ ಮೊಮ್ಮಕ್ಕಳೆನ್ನಬಹುದು. ಮೊಬೈಲು ಮೊದಲು ಕಿವಿಗೊಡುವುದು, ದಾರಿ ಬಿಡುವಾಗಿದ್ದರೂ ಕೆಲವು ಕ್ಷಣಗಳನ್ನು ದಾಳ ಹಾಕಿದಂತೆ ಆರಿಸಿ ಕಾಯುವುದು, ಆಮೇಲೆ ಮಾತನಾಡುವುದು. ತಲುಪಿತು ಎಂಬ ಚೀಟಿ ಬಾರದಿದ್ದರೆ ದಾಳದ ಮುಖಗಳನ್ನು ಇಮ್ಮಡಿಸಿಕೊಂಡು ಇನ್ನೊಮ್ಮೆ ಪ್ರಯತ್ನಿಸುವುದು. ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಯಂತ್ರವು ಓದುವಾಗಲೂ ಇದೇ ನ್ಯಾಯ. ಎರಡು ಚೀಟಿಗಳು ಒಟ್ಟಿಗೆ ಉತ್ತರ ಕೊಡದಂತೆ, ಪ್ರತಿಯೊಂದು ಚೀಟಿಯೂ ತನ್ನೊಳಗೆ ಒಂದು ಸಂಖ್ಯೆಯನ್ನು ಆರಿಸಿ, ಯಂತ್ರವು ಎಣಿಸಿದಂತೆ ಸೊನ್ನೆಗೆ ಇಳಿದಾಗ ಮಾತ್ರ ಮಾತನಾಡುವುದು. ಅದರಲ್ಲಿ ಬ್ಯಾಟರಿ ಕೂಡ ಇಲ್ಲ.

೨೦೨೦ರಲ್ಲಿ ಹವಾಯಿಯ ಜಾಲಕ್ಕೆ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಘವು ಚರಿತ್ರೆಯ ಮೈಲಿಗಲ್ಲೆಂಬ ಮನ್ನಣೆಯನ್ನು ಕೊಟ್ಟಿತು. ಅದೇ ವರ್ಷದ ಡಿಸೆಂಬರ್ ೧ರಂದು ಅಬ್ರಾಮ್ಸನ್ನರು ತಮ್ಮ ೮೮ನೆಯ ವಯಸ್ಸಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. ನಮ್ಮ ಶಾಲೆಗಳೆಲ್ಲವೂ ಸಾಂಕ್ರಾಮಿಕ ರೋಗದ ನಿಮಿತ್ತ ಮುಚ್ಚಿದ್ದ ವರ್ಷವೂ ಅದೇ. ಪಾಠಗಳು ಮೊಬೈಲಿನಲ್ಲಿ ನಡೆಯತೊಡಗಿದಾಗ, ಮಲೆನಾಡಿನಲ್ಲಿಯೂ ಘಟ್ಟದ ತಪ್ಪಲಿನಲ್ಲಿಯೂ ಮನೆಯೊಳಗೆ ನೆಟ್‌ವರ್ಕ್ ಸಿಕ್ಕದ ಮಕ್ಕಳು ಪುಸ್ತಕಗಳನ್ನು ಕಟ್ಟಿಕೊಂಡು ಗುಡ್ಡವನ್ನು ಹತ್ತಿದರು. ೨೦೨೧ರ ಜೂನ್ ತಿಂಗಳಲ್ಲಿ ಸುಳ್ಯ ತಾಲೂಕಿನಲ್ಲಿ ಸುರಿಯುವ ಮಳೆಯಲ್ಲಿ ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುವ ಮಗಳಿಗೆ ತಂದೆಯು ಕೊಡೆ ಹಿಡಿದು ನಿಂತ ಚಿತ್ರವನ್ನು ಪತ್ರಿಕೆಗಳಲ್ಲಿ ನೋಡಿದವರು ಮರೆತಿರಲಾರರು. ಇದಕ್ಕೆ ಅಲೋಹಾದ ಲೆಕ್ಕದಲ್ಲಿ ಪರಿಹಾರವಿಲ್ಲ. ಮೊಬೈಲು ಬಳಸುವ ಕಿರಿದಾದ ಅಲೆಗಳು ಗುಡ್ಡವನ್ನು ಸುತ್ತಿ ಬಗ್ಗಿಬರಲಾರವು. ನೆಟ್ಟನೆ ಕಾಣುವ ಕಡೆಗೆ ಚೆನ್ನಾಗಿ ಹೋಗುವುವು. ಹವಾಯಿಯವರಿಗೂ ಈ ಕಷ್ಟವಿತ್ತು. ಬೇರೆ ದ್ವೀಪಗಳನ್ನು ಸೇರಬೇಕಾದಾಗ ಅವರು ಎತ್ತರದ ಸ್ಥಳಗಳಲ್ಲಿ, ಮಾತನ್ನು ಕೇಳಿ ಹಾಗೆಯೇ ಮುಂದಕ್ಕೆ ಕಳುಹಿಸುವ ಯಂತ್ರಗಳನ್ನು ನಿಲ್ಲಿಸಬೇಕಾಯಿತು. ಗೋಪು­ರವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಗಣಿತದ ಪ್ರಶ್ನೆಯಷ್ಟೇ ಅಲ್ಲ, ಹಣದ ಪ್ರಶ್ನೆಯೂ ಹೌದು. ಹತ್ತು ಮನೆಗಳ ಊರಿಗೆ ಗೋಪುರವನ್ನು ನಿಲ್ಲಿಸಿದರೆ ಕಂಪನಿಗೆ ಲಾಭವಿಲ್ಲ.

ಗುಡ್ಡದ ಮೇಲೆ ಹೋದ ಮೇಲೆ ಆಗುವುದೇನೆಂದರೆ, ಹುಡುಗಿಯ ಕೈಯಲ್ಲಿರುವ ಮೊಬೈಲು ಕಣ್ಣಿಗೆ ಬಿದ್ದ ಗೋಪುರಕ್ಕೆ ತಾನಿರುವೆನೆಂದು ಮೊದಲ ಕರೆಯನ್ನು ಕಳುಹಿಸುವುದು. ಗೋಪುರಕ್ಕೆ ಅವಳ ಹೆಸರಾಗಲಿ ಅವಳು ಬಂದಿರುವ ಸುದ್ದಿಯಾಗಲಿ ಆಗ ತಿಳಿದಿರುವುದಿಲ್ಲ. ಆದುದರಿಂದ ಸರದಿಯನ್ನು ಕೊಡುವವರು ಯಾರೂ ಇಲ್ಲ. ಮೊಬೈಲು ೬೪ ಗುರುತುಗಳಲ್ಲಿ ಒಂದನ್ನು ದಾಳ ಹಾಕಿದಂತೆ ಆರಿಸಿ ಕೂಗುವುದು. ಅದೇ ಕ್ಷಣದಲ್ಲಿ ಅದೇ ಗುರುತನ್ನು ಬೇರೊಬ್ಬರು ಕೂಗಿದರೆ ಕೆಡುವುದು. ಉತ್ತರ ಬಾರದಿದ್ದರೆ ಕೊಂಚ ಕಾದು, ದನಿಯನ್ನು ಸ್ವಲ್ಪ ಏರಿಸಿ, ತಿರುಗಿ ಕೂಗುವುದು. ಉತ್ತರ ಬಂದಮೇಲೆ ಪಾಠವು ಆರಂಭವಾಗುವುದು.